ಎದೆಯೊಡೆದವರು ಮತ್ತು ಸಭೆ

ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಎದೆ ಒಡೆಯುವ ಕಾರಣಗಳಿಗೆ ಬರವಿಲ್ಲ. ಗುಳೆ ಹೋದ ಗಂಡ ಪುಣೆಯಲ್ಲೋ ಬೆಂಗಳೂರಿನಲ್ಲೋ ಇನ್ನೊಂದು ಸಂಸಾರ ಹೂಡುತ್ತಾನೆ. ಮೆಚ್ಚಿದವರ ನಡುವೆ ಜಾತಿ ಬಂದು ನಿಲ್ಲುತ್ತದೆ. ಆಡುವ ವಯಸ್ಸಿನಲ್ಲಿ ಮದುವೆಯಾದ ಹುಡುಗಿ ಸೋತು ತವರಿಗೆ ಮರಳುತ್ತಾಳೆ. ಇಂಥವರಲ್ಲಿ ಕೆಲವರು ಕ್ರೈಸ್ತ ಸಭೆಯ ಬಾಗಿಲಿಗೆ ಬರುತ್ತಾರೆ. ಅಲ್ಲಿ ಸಿಗುವ ಸಾಂತ್ವನ ಎಂಥದು?

ನಿಜಾಮರ ಕಾಲದಲ್ಲಿ ಈ ಭಾಗಕ್ಕೆ ಬಂದ ಅಮೆರಿಕದ ಮೆಥೊಡಿಸ್ಟ್ ಮಿಷನ್ ಯಾದಗಿರಿಯಲ್ಲಿ ಹೋಲ್ಸ್ಟನ್ ಆಸ್ಪತ್ರೆ ಕಟ್ಟಿತು. ಮೈಯ ನೋವನ್ನೂ ಮನಸ್ಸಿನ ನೋವನ್ನೂ ಬೇರೆಬೇರೆಯಾಗಿ ನೋಡದಿರುವುದು ಆ ಪರಂಪರೆಯ ಗುಣ. ಅದರ ಇನ್ನೊಂದು ಬೇರು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿದೆ. 1742ರಲ್ಲಿ ಪ್ರಾರ್ಥನಾ ಮಂದಿರದ ಸಾಲ ತೀರಿಸಲು ಮೆಥೊಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿಯ ಅನುಯಾಯಿಗಳು ಹನ್ನೆರಡು ಹನ್ನೆರಡು ಜನರ ಗುಂಪು ಮಾಡಿಕೊಂಡರು. ತಲೆಗೆ ವಾರಕ್ಕೊಂದು ಪೆನ್ನಿ. ಅದನ್ನು ಎತ್ತಲು ಮನೆಮನೆಗೆ ಹೋದವರು ಆ ಮನೆಗಳ ಸಂಕಟವನ್ನೂ ಕೇಳತೊಡಗಿದರು. ಕೊನೆಗೆ ಹಣಕ್ಕಿಂತ ಆ ಕೇಳುವಿಕೆಯೇ ಮುಖ್ಯವಾಯಿತು. ನಮ್ಮ ಮನೆಪ್ರಾರ್ಥನೆಗಳಲ್ಲಿ ನಾನು ಕಾಣುವ ದೊಡ್ಡ ಬಲ ಇದೇ. ಗಂಡ ಬಿಟ್ಟವಳೆಂದು ಊರು ಬೆರಳು ತೋರಿಸುವಾಗ ನಾಲ್ಕು ಜನ ಹೆಣ್ಣುಮಕ್ಕಳು ಅವಳ ಪಡಸಾಲೆಯಲ್ಲಿ ಬಂದು ಕೂತು ಹಾಡುವುದು ಸಣ್ಣ ಮಾತಲ್ಲ.

ತೊಡಕಿರುವುದು ಮುಂದಿನ ಹೆಜ್ಜೆಯಲ್ಲಿ. ಅಳು ಮುಗಿಯುವ ಮೊದಲೇ ಅವಳಿಂದ ಸಾಕ್ಷಿ ಬಯಸುತ್ತಾರೆ. ಹಿಂದೆ ದುಃಖವಿತ್ತು, ಪ್ರಾರ್ಥಿಸಿದೆ, ಈಗ ಸಮಾಧಾನವಾಗಿದೆ ಎಂಬ ಮೂರು ಮಾತಿನ ಅಚ್ಚಿನೊಳಗೆ ಅವಳ ಬದುಕು ಹಿಡಿಸಬೇಕು. ಹಿಡಿಸದಿದ್ದರೆ ವಿಶ್ವಾಸ ಸಾಲದು ಎನ್ನುತ್ತಾರೆ. ಒಡೆದ ಎದೆಯ ಮೇಲೆ ಇದು ಎರಡನೆಯ ಪೆಟ್ಟು. ಹೊಡೆಯುವ ಗಂಡನನ್ನು ಕ್ಷಮಿಸಿ ಹೊಂದಿಕೊಂಡು ಹೋಗು ಎನ್ನುವ ಉಪದೇಶವಂತೂ ಸಾಂತ್ವನವೇ ಅಲ್ಲ.

ಬೈಬಲ್ಲಿಗೆ ಈ ಅವಸರ ಇಲ್ಲ. ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಅವನ ಜೊತೆ ಮಾತಿಲ್ಲದೆ ನೆಲದ ಮೇಲೆ ಕೂತರು. ಅಷ್ಟು ದಿನ ಅವರು ನಿಜವಾದ ಗೆಳೆಯರಾಗಿದ್ದರು. ಬಾಯಿ ತೆರೆದು ಅವನಲ್ಲೇ ತಪ್ಪು ಹುಡುಕಿದ ಮೇಲೆ ದೇವರ ಕೋಪಕ್ಕೆ ಗುರಿಯಾದರು. 88ನೆಯ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ. ಅದರ ಕೊನೆಗೆ ಯಾರೂ ಬೆಳಕು ಅಂಟಿಸಿಲ್ಲ. ಸತ್ತ ಲಾಜರನನ್ನು ಎಬ್ಬಿಸಲು ಹೊರಟ ಯೇಸು ಕೂಡ ಮೊದಲು ಅತ್ತನು. ಈ ನೆಲಕ್ಕೂ ಕೂಡಿ ಅಳುವುದು ಹೊಸದಲ್ಲ. ಮೊಹರಮ್ಮಿನಲ್ಲಿ ಕರ್ಬಲಾದ ದುಃಖವನ್ನು ರಿವಾಯತ್ ಪದಗಳಲ್ಲಿ ಹಿಂದೂಗಳೂ ಹಾಡುವ ಸೀಮೆ ಇದು. ಅಳು ಇಲ್ಲಿ ನಾಚಿಕೆಯ ವಿಷಯವಲ್ಲ. ಸಭೆಗಳು ಇದನ್ನು ಪಕ್ಕದ ಓಣಿಯಿಂದಲೇ ಕಲಿಯಬಹುದಿತ್ತು.

ಇದೇ ಮೆಥೊಡಿಸ್ಟ್ ಪರಂಪರೆಯ ಇ. ಸ್ಟ್ಯಾನ್ಲಿ ಜೋನ್ಸ್ 1907ರಲ್ಲಿ ಭಾರತಕ್ಕೆ ಬಂದು ಕೆಲವೇ ವರ್ಷಗಳಲ್ಲಿ ಮನಸ್ಸು ಕುಸಿದು ಬಳಲಿದರು. ಲಖನೌದಲ್ಲಿ ಪ್ರಾರ್ಥನೆಯಿಂದ ಚೇತರಿಸಿಕೊಂಡೆನೆಂದು ಜೀವನವಿಡೀ ಸಾಕ್ಷಿ ಹೇಳಿದರು. ಅಂಥವರೇ 1950ರಲ್ಲಿ ಅದೇ ಊರಿನಲ್ಲಿ ನೂರ್ ಮಂಜಿಲ್ ಎಂಬ ಮನೋವೈದ್ಯಕೀಯ ಕೇಂದ್ರ ತೆರೆದರು. ತನಗೆ ಒಲಿದ ದಾರಿಯೊಂದೇ ಎಲ್ಲರಿಗೂ ಸಾಕೆಂದು ಅವರು ಎಣಿಸಲಿಲ್ಲ. ನಿದ್ದೆ ಊಟ ಬಿಟ್ಟು, ಬಾವಿಯ ಕಡೆ ನೋಡುತ್ತ ಕೂತ ಹುಡುಗಿಗೆ ಉಪವಾಸ ಪ್ರಾರ್ಥನೆ ಹೇಳುವ ಪಾಸ್ಟರು ಅವಳನ್ನು ಅದೇ ದಿನ ಯಾದಗಿರಿಯ ಜಿಲ್ಲಾ ಆಸ್ಪತ್ರೆಗೂ ಕರೆದೊಯ್ಯಬೇಕು. ತಾವೇ ಜೊತೆಗೆ ಹೋಗಿ, ಚೀಟಿ ಮಾಡಿಸಿ, ಅವಳ ಸರದಿ ಬರುವವರೆಗೆ ಕೂತಿರಬೇಕು.