ಸಮವಸ್ತ್ರ ಕಳಚಿದ ಮೇಲೆ: ಕ್ಯಾಪ್ಟನ್ ಗೋಪಿನಾಥರ ಆತ್ಮಕಥನವೂ ಅದರ ಚಿತ್ರರೂಪಗಳೂ

ಕನ್ನಡ ನಾಡಿನಲ್ಲಿ ಮಡಿದ ವೀರನಿಗೆ ಕಲ್ಲು ನಿಂತಿದೆ. ಬದುಕಿ ಮರಳಿದವನ ಮುಂದಿನ ಬಾಳು ಏನಾಯಿತೆಂಬುದನ್ನು ಶಾಸನಗಳು ಹೇಳುವುದು ವಿರಳ. ಆತಕೂರಿನ ಶಾಸನ ಅಂಥ ವಿರಳ ನಿದರ್ಶನಗಳಲ್ಲೊಂದು. 10ನೆಯ ಶತಮಾನದ ತಕ್ಕೋಲದ ಕಾಳಗದಲ್ಲಿ ಪರಾಕ್ರಮ ಮೆರೆದ ಮಣಲೇರನಿಗೆ ಗಂಗದೊರೆ ಬೂತುಗನು ಬಾಳ್ಗಳ್ಚಾಗಿ, ಎಂದರೆ ಕತ್ತಿ ತೊಳೆದು ಕೊಡುವ ದತ್ತಿಯಾಗಿ, ನೆಲವನ್ನು ಕೊಟ್ಟನೆಂದು ಅದು ತಿಳಿಸುತ್ತದೆ. ಅದೇ ಕಲ್ಲಿನಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ನಾಯಿಯ ಕಥೆಯೂ ಇದೆ. ಜನರ ನೆನಪಿನಲ್ಲಿ ಉಳಿದದ್ದು ನಾಯಿಯೇ. ಯುದ್ಧ ಮಾಡಿದವನಿಗೆ ಬದುಕಿರುವಾಗಲೇ ಕಾಲೂರಲು ನೆಲ ದೊರೆಯಿತೆಂಬ ಸಂಗತಿ ಹಿಂದೆ ಸರಿದಿದೆ.

ಕ್ಯಾಪ್ಟನ್ ಜಿ. ಆರ್. ಗೋಪಿನಾಥರ ‘ಸಿಂಪ್ಲಿ ಫ್ಲೈ’ ಎಂಬ ಇಂಗ್ಲಿಷ್ ಆತ್ಮಕಥನದ ಗತಿಯೂ ಹೆಚ್ಚು ಕಡಿಮೆ ಇಂಥದೇ. ಅದನ್ನು ಓದಿದವರೂ, ಅದರಿಂದ ಹುಟ್ಟಿದ ಚಲಚ್ಚಿತ್ರಗಳನ್ನು ನೋಡಿದವರೂ ವಿಮಾನವನ್ನು ನೆನೆಯುತ್ತಾರೆ, ನೆಲವನ್ನು ಮರೆಯುತ್ತಾರೆ. ಗೊರೂರಿನ ಶಾಲಾ ಉಪಾಧ್ಯಾಯರ ಮಗ ಬಿಜಾಪುರದ ಸೈನಿಕ ಶಾಲೆಯಲ್ಲಿ ಓದಿ, ಖಡಕವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯನ್ನು ಹಾದು ಸೇನಾಧಿಕಾರಿಯಾದದ್ದು, 1971ರ ಬಾಂಗ್ಲಾ ಯುದ್ಧದಲ್ಲಿ ಭಾಗಿಯಾದದ್ದು, ಸುಮಾರು ಎಂಟು ವರ್ಷಗಳ ಸೇವೆಯ ಬಳಿಕ ಕ್ಯಾಪ್ಟನ್ ಪದವಿಯಲ್ಲೇ ಸೇನೆಯನ್ನು ತೊರೆದದ್ದು, 1997ರಲ್ಲಿ ಡೆಕ್ಕನ್ ಏವಿಯೇಷನ್ ಎಂಬ ಹೆಲಿಕಾಪ್ಟರ್ ಸಂಸ್ಥೆಯನ್ನೂ 2003ರಲ್ಲಿ ಏರ್ ಡೆಕ್ಕನ್ ಎಂಬ ಅಗ್ಗದ ದರದ ವಿಮಾನ ಸಂಸ್ಥೆಯನ್ನೂ ಕಟ್ಟಿದ್ದು: ಇಷ್ಟು ಎಲ್ಲರೂ ಬಲ್ಲ ಕಥೆ. ಇದಕ್ಕೆ ಜನ ಕೊಡುವ ಭಾಷ್ಯವೂ ಸಿದ್ಧವಾಗಿದೆ. ಸೇನೆ ಶಿಸ್ತು ಕಲಿಸಿತು, ಶಿಸ್ತು ಸಾಹಸವಾಯಿತು, ಸಾಹಸ ಉದ್ಯಮವಾಯಿತು ಎಂಬುದೇ ಆ ಭಾಷ್ಯ.

ಗ್ರಂಥವನ್ನು ನಿಧಾನವಾಗಿ ಓದಿದರೆ ಈ ಭಾಷ್ಯ ನಿಲ್ಲುವುದಿಲ್ಲ. ಸೇನೆ ಬಿಟ್ಟದ್ದಕ್ಕೂ ಮೊದಲ ಹೆಲಿಕಾಪ್ಟರಿಗೂ ನಡುವೆ 15 ವರ್ಷಗಳಿಗೂ ಮಿಕ್ಕ ಕಾಲ ಸಂದಿದೆ. ಆ ಕಾಲ ಕಳೆದದ್ದು ಹಾಸನ ಜಿಲ್ಲೆಯ ಜಾವಗಲ್ಲಿನ ಬಳಿಯ ಹೊಲದಲ್ಲಿ. ಹೇಮಾವತಿ ಅಣೆಕಟ್ಟಿಗೆ ಮುಳುಗಿದ ಪಿತ್ರಾರ್ಜಿತ ಭೂಮಿಗೆ ಪರಿಹಾರವಾಗಿ ಸರಕಾರ ಆ ಬರಡು ನೆಲವನ್ನು ಕೊಟ್ಟಿತ್ತು. ಮಣಲೇರನಿಗೆ ನೆಲ ಬಂದದ್ದು ಯುದ್ಧಕ್ಕಾಗಿ. ಗೋಪಿನಾಥರಿಗೆ ಬಂದದ್ದು ಯುದ್ಧಕ್ಕಾಗಿಯಲ್ಲ, ಮುಳುಗಡೆಗಾಗಿ. ಡೇರೆ ಹಾಕಿಕೊಂಡು ನಿಂತು, ತೆಂಗು ನೆಟ್ಟು, ನೀರಿಲ್ಲದೆ ಸೋತು, ಸಾಲದಲ್ಲಿ ಸಿಕ್ಕಿ, ಬಳಿಕ ರೇಷ್ಮೆಗೆ ತಿರುಗಿ, ಔಷಧ ಗೊಬ್ಬರಗಳ ಖರ್ಚನ್ನು ಬಿಟ್ಟು ನಿಸರ್ಗಕ್ಕೆ ಹೊಂದುವ ರೇಷ್ಮೆ ಕೃಷಿಯನ್ನು ಅವರು ರೂಢಿಸಿದರು. 1996ರಲ್ಲಿ ಅವರಿಗೆ ರೋಲೆಕ್ಸ್ ಪ್ರಶಸ್ತಿ ಬಂದದ್ದು ಈ ಕೆಲಸಕ್ಕೆ, ವಿಮಾನಕ್ಕೆ ಅಲ್ಲ. ಗ್ರಂಥದ ಅತ್ಯುತ್ತಮ ಭಾಗವೂ ಇದೇ. ಇಲ್ಲಿ ಲೇಖಕರು ಬೀಗುವುದಿಲ್ಲ. ಲೆಕ್ಕ ತಪ್ಪಿದುದನ್ನು ತಪ್ಪಿತೆಂದೇ ಬರೆಯುತ್ತಾರೆ. ಮುಂದಿನ ಭಾಗದಲ್ಲಿ ಮಂತ್ರಿಗಳು, ಬ್ಯಾಂಕುಗಳು, ವಿಮಾನ ಮಾರುವವರು ಸಾಲುಸಾಲಾಗಿ ಬಂದು ಹೋಗುವಾಗ ಆ ಸರಳ ಗದ್ಯ ತೆಳುವಾಗುತ್ತದೆ. ಉಪಕಥೆಗಳ ಹೇರಳತೆಯಿಂದ ಓದುಗನಿಗೆ ಕೊಂಚ ದಣಿವೂ ಆಗದಿರದು.

ಸೇನೆಯ ಋಣ ಇಲ್ಲವೆಂದಲ್ಲ. ಆದರೆ ಅದು ಬೇರೆಡೆಯಲ್ಲಿದೆ. ಗೋಪಿನಾಥರು ಸ್ವತಃ ವಿಮಾನ ನಡೆಸುವವರಲ್ಲ. ಹೆಲಿಕಾಪ್ಟರ್ ವಿದ್ಯೆ ಬಂದದ್ದು ಹಳೆಯ ಸೇನಾಮಿತ್ರ ಕ್ಯಾಪ್ಟನ್ ಕೆ. ಜೆ. ಸ್ಯಾಮ್ಯುಯೆಲ್ ಮುಂತಾದವರಿಂದ. 1986ರಲ್ಲಿ ಸೇನೆಯ ವಾಯುಯಾನ ದಳ ಪ್ರತ್ಯೇಕವಾಗಿ ರೂಪುಗೊಂಡಿತು. ಸರಕಾರದ ಖರ್ಚಿನಲ್ಲಿ ತರಬೇತಾದ ಚಾಲಕರೂ ಯಂತ್ರಜ್ಞರೂ ಸೇವೆ ಮುಗಿಸಿ ಹೊರಬರುತ್ತಿದ್ದರು. ಅವರಿಗೆ ಹೊರಗೆ ಕೆಲಸ ಬೇಕಿತ್ತು, ಸಂಸ್ಥೆಗೆ ಅವರ ಕೈ ಬೇಕಿತ್ತು. ಸಂಸ್ಥೆಯ ಮೊದಲ ಬಂಡವಾಳ ಈ ಜನರೇ ಎಂದರೆ ತಪ್ಪಾಗದು. ಶಿಸ್ತೆಂಬ ಗುಣವನ್ನು ಹೊಗಳುವವರು ಈ ಸ್ನೇಹದ ಜಾಲವನ್ನೂ ಸಾರ್ವಜನಿಕ ಹಣದ ಪಾತ್ರವನ್ನೂ ಹೆಸರಿಸದೆ ದಾಟುತ್ತಾರೆ.

ಇನ್ನು ಚಲಚ್ಚಿತ್ರಗಳ ಮಾತು. ಸುಧಾ ಕೊಂಗರ ಅವರು ನಿರ್ದೇಶಿಸಿದ ‘ಸೂರರೈ ಪೊಟ್ರು’ ತಮಿಳಿನಲ್ಲಿ 2020ರಲ್ಲಿ ಬಂದಿತು. ಆ ವರ್ಷದ ಅತ್ಯುತ್ತಮ ಕಥಾಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಅದಕ್ಕೆ ದೊರೆಯಿತು. ಅವರೇ ಅದನ್ನು ಹಿಂದಿಯಲ್ಲಿ ‘ಸರ್ಫಿರಾ’ ಎಂಬ ಹೆಸರಿನಿಂದ 2024ರಲ್ಲಿ ಮರುನಿರ್ಮಿಸಿದರು. ಮೊದಲನೆಯದರಲ್ಲಿ ಗೊರೂರು ಮಧುರೆಯ ಬಳಿಯ ಶೋಳವಂದಾನ್ ಆಯಿತು; ಎರಡನೆಯದರಲ್ಲಿ ಮಹಾರಾಷ್ಟ್ರದ ಹಳ್ಳಿಯಾಯಿತು. ಚೆನ್ನೈಯ ಕನ್ನಡಿಗನೂ ಮುಂಬಯಿಯ ಕನ್ನಡಿಗನೂ ಹಾಸನದ ಕಥೆಯನ್ನು ತಾನು ನೆಲೆಸಿದ ನಾಡಿನ ಉಡುಗೆಯಲ್ಲಿ ನೋಡಬೇಕಾಯಿತು. ಇದರಲ್ಲಿ ದೂರಲು ಏನೂ ಇಲ್ಲ; ಕಥೆ ಊರು ಬದಲಿಸುವುದು ಕಥೆಯ ಹಕ್ಕು. ಆಕ್ಷೇಪಕ್ಕೆ ಎಡೆಯಿರುವುದು ಇನ್ನೊಂದು ಬದಲಾವಣೆಯಲ್ಲಿ. ಚಿತ್ರದ ನಾಯಕ ಭೂಸೇನೆಯವನಲ್ಲ, ವಾಯುಪಡೆಯವನು. ಹೀಗೆ ಮಾಡಿದ ಕೂಡಲೇ ಆಕಾಶದಿಂದ ಆಕಾಶಕ್ಕೆ ನೇರ ಜಿಗಿತ ಸಹಜವೆನಿಸುತ್ತದೆ. ನಡುವಿನ ಹೊಲ ಅನಾವಶ್ಯಕವಾಗಿ ಬಿದ್ದುಹೋಗುತ್ತದೆ. ಹೊಲದೊಡನೆ ಸೋಲಿನ ವರ್ಷಗಳೂ ಹೋಗುತ್ತವೆ. ಅವುಗಳ ಸ್ಥಾನಕ್ಕೆ ಒಬ್ಬ ಖಳನಾಯಕ ಬರುತ್ತಾನೆ. ಬರಗಾಲಕ್ಕಿಂತ ಖಳನಾಯಕನನ್ನು ಗೆಲ್ಲುವುದು ತೆರೆಯ ಮೇಲೆ ಸುಲಭ.

ಆದರೂ ಒಂದು ವಿಷಯದಲ್ಲಿ ತಮಿಳು ಚಿತ್ರ ಗ್ರಂಥವನ್ನು ತಿದ್ದುತ್ತದೆ ಎನ್ನಬೇಕು. ಸ್ವಾಭಿಮಾನ ಚಳವಳಿಯ ಛಾಯೆಯಲ್ಲಿ ಬೆಳೆದ ಬಡ ಯುವಕನನ್ನು ನಾಯಕನನ್ನಾಗಿಸಿ, ವಿಮಾನದ ಬಾಗಿಲು ಯಾರಿಗೆ ತೆರೆಯುತ್ತದೆ ಎಂಬ ಪ್ರಶ್ನೆಯನ್ನು ಅದು ಎತ್ತಿತು. ಸಾಯುತ್ತಿರುವ ತಂದೆಯನ್ನು ಕಾಣಲು ಟಿಕೆಟ್ಟಿಗೆ ಹಣ ಸಾಲದೆ ನಿಲ್ದಾಣದಲ್ಲಿ ಕಂಡಕಂಡವರೆದುರು ಕೈಯೊಡ್ಡುವ ದೃಶ್ಯ ಕಟ್ಟುಕಥೆಯಿರಬಹುದು. ಅದರ ಸತ್ಯವನ್ನು ಅಲ್ಲಗಳೆಯುವಂತಿಲ್ಲ. ಗೋಪಿನಾಥರು ಆರ್. ಕೆ. ಲಕ್ಷ್ಮಣರ ಶ್ರೀಸಾಮಾನ್ಯನನ್ನು ತಮ್ಮ ಸಂಸ್ಥೆಯ ಲಾಂಛನವಾಗಿಸಿಕೊಂಡರು. ಆದರೆ ಮೇಲ್ಜಾತಿಯ, ಭೂಮಿಯಿದ್ದ ಮನೆಯ ಮಗನಿಗೆ ಸೋಲನ್ನು ತಾಳಿಕೊಳ್ಳುವ ಅವಕಾಶ ಎಷ್ಟಿತ್ತು, ಇಲ್ಲದವನಿಗೆ ಎಷ್ಟು ಎಂಬ ವಿಚಾರಕ್ಕೆ ಗ್ರಂಥದಲ್ಲಿ ದೊರೆತಿರುವ ಎಡೆ ಕಿರಿದು. ಚಿತ್ರವಾದರೋ ಗೆಲುವಿನಲ್ಲಿ ಮುಗಿಯುತ್ತದೆ. ವಾಸ್ತವದಲ್ಲಿ ಏರ್ ಡೆಕ್ಕನ್ ಕಿಂಗ್‌ಫಿಷರಿನೊಳಗೆ ಕರಗಿತು. ಕಿಂಗ್‌ಫಿಷರ್ 2012ರ ಅಕ್ಟೋಬರಿನಲ್ಲಿ ಹಾರಾಟವನ್ನೇ ನಿಲ್ಲಿಸಿತು. ಗ್ರಂಥ ಪ್ರಕಟವಾದಾಗ ಆ ಅಂತ್ಯ ಇನ್ನೂ ಬಂದಿರಲಿಲ್ಲ. ಚಿತ್ರಗಳು ತಯಾರಾದಾಗ ಬಂದಾಗಿತ್ತು.

ಈ ವಿಮರ್ಶೆಗೆ ಇಷ್ಟು ಮಹತ್ತ್ವ ಏಕೆಂದರೆ ಸೇನೆ ಬಿಟ್ಟವರಲ್ಲಿ ಬಹುಸಂಖ್ಯಾತರು ಕ್ಯಾಪ್ಟನ್ನರಲ್ಲ. ಪಿಂಚಣಿಗೆ ಸಿಪಾಯಿಗೆ 15 ವರ್ಷ, ಅಧಿಕಾರಿಗೆ 20 ವರ್ಷ ಸೇವೆ ಬೇಕೆಂಬುದು ರೂಢಿಯ ನಿಯಮ. ಎಂಟೇ ವರ್ಷಕ್ಕೆ ಹೊರಬಂದ ಗೋಪಿನಾಥರು ಪಿಂಚಣಿಯನ್ನು ಬಿಟ್ಟೇ ಬಂದರು; ಅವರ ಧೈರ್ಯದ ಅಳತೆ ಇದು. ಪಿಂಚಣಿ ಹಿಡಿದು ಬಂದ ಸಿಪಾಯಿಯ ಉದ್ಯಮ ಬೇರೆ ಬಗೆಯದು. ದೆಹಲಿಯ ಕನ್ನಡಿಗರು ಬೆಳಗ್ಗೆ ಹಾಲು ತರುವ ಮದರ್ ಡೈರಿಯ ಮಳಿಗೆಗಳಲ್ಲಿ ಅನೇಕವನ್ನು ನಡೆಸುವವರು ಮಾಜಿ ಸೈನಿಕರು. ರಕ್ಷಣಾ ಸಚಿವಾಲಯದ ಪುನರ್ವಸತಿ ನಿರ್ದೇಶನಾಲಯದ ಆಶ್ರಯದಲ್ಲಿ ಕಲ್ಲಿದ್ದಲು ಸಾಗಿಸುವ ಕಂಪನಿಗಳಿವೆ, ಕಾವಲು ಸಂಸ್ಥೆಗಳಿವೆ. ಪೆಟ್ರೋಲ್ ಬಂಕುಗಳ ಹಂಚಿಕೆಯಲ್ಲಿ ಮೀಸಲಿದೆ. ಇದು ಬಾಳ್ಗಳ್ಚಿನ ಈ ಕಾಲದ ರೂಪವೆನ್ನಬಹುದೇನೋ. ಹಾಲಿನ ಮಳಿಗೆಯವನ ಆತ್ಮಕಥನವನ್ನು ಯಾವ ಪ್ರಕಾಶಕನೂ ಕೇಳಿ ಬರುವುದಿಲ್ಲ. ಆದರೆ ಯುದ್ಧಭೂಮಿಯಿಂದ ಮಾರುಕಟ್ಟೆಗೆ ಬರುವ ದಾರಿ ಬಹುಮಂದಿಗೆ ಹಾದುಹೋಗುವುದು ಅವನ ಅಂಗಡಿಯ ಮುಂದೆಯೇ.

2022ರಲ್ಲಿ ಬಂದ ಅಗ್ನಿಪಥ ಯೋಜನೆ ಈ ದಾರಿಯನ್ನು ಇನ್ನಷ್ಟು ಇಕ್ಕಟ್ಟಾಗಿಸಿದೆ. ನಾಲ್ಕು ವರ್ಷಗಳ ಸೇವೆಯ ಬಳಿಕ 100ರಲ್ಲಿ ಹೆಚ್ಚೆಂದರೆ 25 ಮಂದಿ ಉಳಿಯುತ್ತಾರೆ. ಮಿಕ್ಕವರು ಪಿಂಚಣಿಯಿಲ್ಲದೆ, ಸುಮಾರು 11.71 ಲಕ್ಷ ರೂಪಾಯಿಗಳ ಸೇವಾನಿಧಿಯೊಡನೆ, 20ರ ಹರೆಯದಲ್ಲಿ ಹೊರಬರುವಂತೆ ಯೋಜನೆ ರೂಪಿಸಲಾಯಿತು. ಆ ಹಣದಿಂದ ಸ್ವಂತ ಉದ್ಯಮ ಹೂಡಬಹುದೆಂಬ ಮಾತು ಯೋಜನೆಯ ಸಮರ್ಥನೆಯಲ್ಲಿ ಮೊದಲಿನಿಂದಲೂ ಇದೆ. ಬೆಳಗಾವಿ, ವಿಜಯಪುರ, ಕೊಡಗುಗಳಿಂದ ಹೋದ ಹುಡುಗರಿಗೆ ಗೋಪಿನಾಥರ ಕಥೆಯನ್ನು ಮಾದರಿಯಾಗಿ ಹೇಳುವವರು ಯಾವ ಗೋಪಿನಾಥರನ್ನು ತೋರಿಸುತ್ತಾರೆಂಬುದು ಮುಖ್ಯ. ತೆರೆಯ ಮೇಲಿನವನಿಗೆ ಒಂದು ಕನಸು, ಒಬ್ಬ ಶತ್ರು ಸಾಕಾದವು. ಗ್ರಂಥದಲ್ಲಿರುವವರಿಗೆ ಮುಳುಗಿದ ಹೊಲದ ಬದಲಿಗೆ ಬಂದ ನೆಲ, ಹಳೆಯ ಪಡೆಯ ಗೆಳೆಯರು, ಸೋಲಲು 15 ವರ್ಷ ಬೇಕಾದವು. ಜಾವಗಲ್ಲಿನ ಆ ಅಧ್ಯಾಯಗಳನ್ನು ಎರಡು ಚಿತ್ರಗಳೂ ಬಿಟ್ಟಿವೆ. ಅವನ್ನು ಓದಬೇಕಾದವರು ಗ್ರಂಥಕ್ಕೇ ಹೋಗಬೇಕು.