ವಾಗ್ದಾನದ ಕಾರ್ಡು ಮತ್ತು ಎಪ್ಪತ್ತು ವರ್ಷ

ಡಿಸೆಂಬರ್ 31ರ ನಡುರಾತ್ರಿ, ವಾಚ್‌ನೈಟ್ ಆರಾಧನೆ ಮುಗಿಯುವ ಹೊತ್ತಿಗೆ, ನಮ್ಮ ಎಷ್ಟೋ ಸಭೆಗಳಲ್ಲಿ ತಟ್ಟೆಯೊಂದು ಸಾಲಿನಿಂದ ಸಾಲಿಗೆ ಬರುತ್ತದೆ. ಅದರಲ್ಲಿ ಬೋರಲು ಹಾಕಿದ ಪುಟ್ಟ ಕಾರ್ಡುಗಳು. ಮನಸ್ಸಿನಲ್ಲೇ ಪ್ರಾರ್ಥಿಸಿ ಒಂದನ್ನು ಎತ್ತಿಕೊಳ್ಳಬೇಕು. ಅದರ ಮೇಲಿನ ವಚನವೇ ಬರುವ ವರ್ಷಕ್ಕೆ ದೇವರು ನಿಮಗೆ ಕೊಟ್ಟ ವಾಗ್ದಾನ. ಕೆಲವು ಕಡೆ ಇಡೀ ಸಭೆಗೆ ಒಂದೇ ವಚನ, ಎಲ್ಲರಿಗೂ ಒಂದೇ ಕಾರ್ಡು. ಹಿಂಬದಿಯಲ್ಲಿ ಹುಟ್ಟುವ ಸೂರ್ಯನೋ ಚಿಗುರೊಡೆದ ಕೊಂಬೆಯೋ, ಕೆಳಗೆ ಸಣ್ಣಕ್ಷರದಲ್ಲಿ ಸಭೆಯ ಹೆಸರು. ಜನವರಿ ಕಳೆಯುವಷ್ಟರಲ್ಲಿ ಅದು ಮೈಸೂರಿನ ನಮ್ಮ ದಟ್ಟಗಳ್ಳಿಯ ಮನೆಗಳಲ್ಲಿ ಫ್ರಿಜ್ಜಿನ ಬಾಗಿಲಿಗೆ, ಬೀರುವಿನ ಕನ್ನಡಿಯ ಅಂಚಿಗೆ, ಬ್ಯಾಂಕಿನ ಪಾಸ್‌ಬುಕ್ಕಿನ ನಡುವಿಗೆ ಸೇರಿಕೊಂಡಿರುತ್ತದೆ.

ಈ ಕಾರ್ಡನ್ನು ಹಗುರವಾಗಿ ಕಾಣುವವರ ಜತೆ ನಾನಿಲ್ಲ. ಕುಡಿತ ಬಿಟ್ಟು ಮೂರು ತಿಂಗಳಾದವನಿಗೆ, ಸಾಲ ತೀರಿಸಲಾಗದೆ ನೆಂಟರ ಮುಖ ನೋಡಲು ಅಂಜುವವಳಿಗೆ, ಗಂಡನನ್ನು ಕಳೆದುಕೊಂಡ ಮೊದಲ ವರ್ಷದಲ್ಲಿರುವ ಹೆಂಗಸಿಗೆ ಆ ಎರಡು ಸಾಲು ಎಷ್ಟು ಆಸರೆಯೆಂಬುದನ್ನು ಹತ್ತಿರದಿಂದ ಬಲ್ಲೆ. ಕ್ರೈಸ್ತ ನಂಬಿಕೆಯ ಹೃದಯದಲ್ಲೇ ಹೊಸ ಆರಂಭದ ಮಾತಿದೆ. ಕೆಟ್ಟು ಹೋದದ್ದು ಕೊನೆಯಲ್ಲ, ಮತ್ತೆ ಶುರುಮಾಡಬಹುದು ಎಂಬ ಧೈರ್ಯವನ್ನು ಅದರಿಂದ ತೆಗೆದುಬಿಟ್ಟರೆ ಉಳಿಯುವುದು ಬರೀ ಆಚಾರ. ಅಷ್ಟು ಮುಖ್ಯವಾದ ಮಾತನ್ನು ನಾವು ಯಾವ ರೂಪದಲ್ಲಿ ಜನರ ಕೈಗೆ ಕೊಡುತ್ತಿದ್ದೇವೆ ಎಂದು ಕೇಳಲೇಬೇಕಾಗುತ್ತದೆ. ಕಾರ್ಡಿನ ರೂಪದಲ್ಲಿ ಆ ಮಾತು ಬಹಳ ಸಣ್ಣದಾಗಿದೆ ಎಂಬುದು ನನ್ನ ಅಭಿಪ್ರಾಯ.

ವಚನವನ್ನು ಚೀಟಿ ಎತ್ತಿ ಪಡೆಯುವ ಪದ್ಧತಿಗೆ ಗೌರವದ ಚರಿತ್ರೆಯೇ ಇದೆ. ಜರ್ಮನಿಯ ಹೆರ್ನ್‌ಹುಟ್ ಎಂಬ ಹಳ್ಳಿಯಲ್ಲಿ 1728ರ ಮೇ 3ರಂದು ಕೌಂಟ್ ಝಿಂಝೆಂಡಾರ್ಫ್ ಮರುದಿನಕ್ಕೆಂದು ಒಂದು ವಚನ ಕೊಟ್ಟ. ಅಲ್ಲಿದ್ದವರಲ್ಲಿ ಬಹಳ ಮಂದಿ ತಮ್ಮ ನಂಬಿಕೆಯ ಕಾರಣಕ್ಕೆ ಮೊರಾವಿಯಾ ಬಿಟ್ಟು ಓಡಿಬಂದವರು. ಆಗ ಆ ಊರಿನಲ್ಲಿದ್ದದ್ದು ಮೂವತ್ತೆರಡು ಮನೆ. ದಿನದ ವಚನವನ್ನು ಸಭೆಯ ಒಬ್ಬರು ಮನೆಯಿಂದ ಮನೆಗೆ ಹೊತ್ತೊಯ್ದು ಹೇಳಿಬರುವ ರೂಢಿ ಹೀಗೆ ಶುರುವಾಯಿತು. 1731ರಿಂದ ಅದು ಪುಸ್ತಕವಾಗಿ ಅಚ್ಚಾಗುತ್ತಿದೆ. ಹಳೆಯ ಒಡಂಬಡಿಕೆಯ ದಿನವಚನಗಳನ್ನು ಇಂದಿಗೂ ಚೀಟಿ ಎತ್ತಿಯೇ ಆರಿಸುತ್ತಾರೆ. ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಬಾಗಿಲು ತಟ್ಟುವ ಆ ಮನುಷ್ಯ. ಆತ ಒಳಗೆ ಬಂದಾಗ ಯಾರಿಗೆ ಜ್ವರ, ಯಾರ ಮನೆಯಲ್ಲಿ ಹಿಟ್ಟಿಲ್ಲ, ಯಾವ ಗಂಡಹೆಂಡಿರಿಗೆ ಮಾತಿಲ್ಲ ಎಂಬುದೂ ಕಣ್ಣಿಗೆ ಬೀಳುತ್ತಿತ್ತು. ವಚನದ ಜತೆ ವಿಚಾರಣೆಯೂ ಬರುತ್ತಿತ್ತು. ನಮ್ಮ ತಟ್ಟೆ ಸುತ್ತುವ ರಾತ್ರಿಯಲ್ಲಿ ವಚನ ಉಳಿದಿದೆ, ಬಾಗಿಲು ತಟ್ಟುವವರು ಇಲ್ಲ.

ಇನ್ನು ವಚನಗಳ ಆಯ್ಕೆ. ಕಾರ್ಡುಗಳಲ್ಲಿ ಮತ್ತೆಮತ್ತೆ ಕಾಣುವುದು ಯೆರೆಮೀಯನ 29ನೇ ಅಧ್ಯಾಯದ 11ನೇ ವಚನ: ದೇವರು ನಿಮ್ಮ ಹಿತವನ್ನೇ ಬಗೆದಿದ್ದಾನೆ, ನಿಮಗೆ ಮುಂದೊಂದು ಕಾಲವಿದೆ ಎಂಬ ಅರ್ಥದ್ದು. ಮೊದಲ ಸಂಬಳ ಪಡೆದವರಿಗೂ, ಪರೀಕ್ಷೆಗೆ ಕೂರುವ ಮಕ್ಕಳಿಗೂ ನಾವು ಅದನ್ನೇ ಬರೆದುಕೊಡುತ್ತೇವೆ. ಆದರೆ ಅದು ಬಿಡಿ ಸಾಲಲ್ಲ, ಒಂದು ಕಾಗದದ ನಡುವಿನ ಸಾಲು. ಬಾಬೆಲಿಗೆ ಸೆರೆಯಾಗಿ ಹೋದವರಿಗೆ ಯೆರೂಸಲೇಮಿನಿಂದ ಪ್ರವಾದಿ ಕಳಿಸಿದ ಕಾಗದ. ಅದಕ್ಕೆ ಸರಿಯಾಗಿ ಹಿಂದಿನ ವಚನದಲ್ಲಿ, ಇದೆಲ್ಲ ಆಗುವುದು ಎಪ್ಪತ್ತು ವರ್ಷ ತುಂಬಿದ ಮೇಲೆ ಎಂದಿದೆ. ಎಂದರೆ ಕಾಗದವನ್ನು ಕೈಯಲ್ಲಿ ಹಿಡಿದು ಓದಿಸಿಕೊಂಡ ದೊಡ್ಡವರಲ್ಲಿ ಬಹುತೇಕರು ಊರಿಗೆ ಮರಳದೆ ಅಲ್ಲೇ ಸಾಯುವವರು. ವಾಗ್ದಾನ ಮೊಮ್ಮಕ್ಕಳದು. ಕಾರ್ಡು ಆ ಎಪ್ಪತ್ತು ವರ್ಷವನ್ನು ಕತ್ತರಿಸಿ ಹಾಕಿ, ವರ್ಷವೊಂದರೊಳಗೆ ಕೈಸೇರಬೇಕಾದ ಮಾತನ್ನಾಗಿ ಅದನ್ನು ಬದಲಿಸಿಬಿಟ್ಟಿದೆ.

ಇದೇ ಪುಸ್ತಕದಲ್ಲಿ ಒಂದು ಅಧ್ಯಾಯ ಹಿಂದೆ ಹೋದರೆ ಹನನ್ಯನೆಂಬ ಇನ್ನೊಬ್ಬ ಪ್ರವಾದಿ ಸಿಗುತ್ತಾನೆ. ದೇವಾಲಯದಲ್ಲಿ, ಎಲ್ಲರ ಎದುರಿಗೆ, ಯೆರೆಮೀಯನ ಕೊರಳಿನ ನೊಗವನ್ನು ಮುರಿದು, ಎರಡೇ ವರ್ಷದಲ್ಲಿ ಎಲ್ಲವೂ ಮೊದಲಿನಂತಾಗುತ್ತದೆ ಎಂದು ಸಾರಿದವನು. ಕೇಳಿದವರಿಗೆ ಎಷ್ಟು ಹಿತವಾಗಿತ್ತೋ! ಆ ಮಾತು ಸುಳ್ಳೆಂದು ಪುಸ್ತಕ ಸ್ಪಷ್ಟವಾಗಿ ಹೇಳುತ್ತದೆ. ಈ ವರ್ಷ ನಿನಗೆ ದುಪ್ಪಟ್ಟು ಆಶೀರ್ವಾದ, ಈ ವರ್ಷ ನಿನ್ನ ಬಿಡುಗಡೆ ಎಂದು ಮೈಕಿನಲ್ಲಿ ಘೋಷಿಸುವ ಬೋಧಕರು ಯೆರೆಮೀಯನ ವಚನ ಓದಿ ಹನನ್ಯನ ಪ್ರಸಂಗ ಮಾಡುತ್ತಿದ್ದಾರೆ. ನವೆಂಬರಿನಲ್ಲಿ ಇನ್ನೂ ಸಾಲದಲ್ಲೇ ಇರುವ ವಿಶ್ವಾಸಿ, ತನ್ನ ನಂಬಿಕೆಯೇ ಸಾಲದಾಯಿತೆಂದು ತನ್ನನ್ನೇ ದೂರಿಕೊಳ್ಳುತ್ತಾಳೆ. ಈ ಪದ್ಧತಿ ಮಾಡುವ ನಿಜವಾದ ಗಾಯ ಇದು. ಇದರ ಬಗ್ಗೆ ನನಗೆ ಸಿಟ್ಟಿದೆ.

ಯೆರೆಮೀಯನ ಆ ಕಾಗದದ ಮೊದಲ ಭಾಗವನ್ನು ಯಾರೂ ಕಾರ್ಡಿಗೆ ಹಾಕುವುದಿಲ್ಲ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ನಿಮ್ಮನ್ನು ಎಳೆದೊಯ್ದ ಆ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮವಿದೆ ಎಂಬ ತಾತ್ಪರ್ಯದ ಮಾತುಗಳವು. ದಟ್ಟಗಳ್ಳಿಯಲ್ಲಿ ಕೂತು ಇದನ್ನು ಓದಿದರೆ ಮೈ ಜುಂ ಎನ್ನುತ್ತದೆ. ಹೊಲಗಳಿದ್ದ ಊರು ಮೈಸೂರು ಬೆಳೆದಂತೆ ಬಡಾವಣೆಯಾಯಿತು. ಕೊಳ್ಳೇಗಾಲ, ಹುಣಸೂರು, ಹೆಗ್ಗಡದೇವನಕೋಟೆಯ ಕಡೆಯಿಂದ ಬಂದವರು, ನಿವೃತ್ತಿಯ ಹಣದಲ್ಲಿ ಸೈಟು ಕೊಂಡವರು, ಬಾಡಿಗೆಗಿದ್ದು ಬಾಡಿಗೆಯಲ್ಲೇ ಮುದುಕರಾಗುತ್ತಿರುವವರು, ಎಲ್ಲರೂ ಇಲ್ಲಿ ಒಂದಲ್ಲ ಒಂದು ರೀತಿಯಲ್ಲಿ ಹೊಸದಾಗಿ ಶುರುಮಾಡಿದವರೇ. ಜೋಡಿ ಬೇವಿನಮರದ ರಸ್ತೆಯ ಎರಡು ಬದಿಯ ಮನೆಗಳಲ್ಲಿ ಬೇರು ಬೇರೆಲ್ಲೋ ಇರುವವರೇ ಹೆಚ್ಚು. ಅಂಥವರಿಗೆ ಯೆರೆಮೀಯ ಹೇಳುವುದು ಇಷ್ಟೇ: ಊರನ್ನು ನೆನೆದು ಕೊರಗುತ್ತ ಕೂರಬೇಡಿ, ಬಂದ ಜಾಗಕ್ಕೆ ಒಳ್ಳೆಯದು ಮಾಡಿ. ಹೊಸ ಬದುಕು ನನ್ನ ಮನೆಯ ಫ್ರಿಜ್ಜಿನ ಬಾಗಿಲಿಗೆ ನಿಲ್ಲುವಂಥದ್ದಲ್ಲ. ಅದಕ್ಕೆ ಪಕ್ಕದ ಮನೆಯ ನೀರು, ಬೀದಿಯ ದೀಪ, ಎದುರು ಮನೆಯ ಒಂಟಿ ಅಜ್ಜಿಯ ಮಾತ್ರೆ ಎಲ್ಲವೂ ಸೇರಿದೆ.

ಹಾಗಾದರೆ ಹೊಸವರ್ಷಕ್ಕೆ ಬೇರೆ ಪದ್ಧತಿ ಇದೆಯೇ? ಇದೆ. ಮೈಸೂರು ಸೀಮೆಯ ಪ್ರಾಟೆಸ್ಟೆಂಟರಿಗೆ ಅದು ಅಜ್ಜನ ಮನೆಯ ಆಸ್ತಿ. ಇಲ್ಲಿ ಸಭೆ, ಶಾಲೆ, ಆಸ್ಪತ್ರೆ ಕಟ್ಟಿದ್ದು ವೆಸ್ಲಿಯನ್ ಮಿಷನ್. ಊರವರು ಇವತ್ತಿಗೂ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1906ರಲ್ಲಿ ಬಾಗಿಲು ತೆರೆದದ್ದು ಅವರಿಂದಲೇ. ಆ ಪರಂಪರೆಯ ಮೂಲಪುರುಷ ಜಾನ್ ವೆಸ್ಲಿ 1755ರ ಆಗಸ್ಟ್ 11ರಂದು ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಸುಮಾರು 1800 ಜನರನ್ನು ನಿಲ್ಲಿಸಿ ದೇವರೊಡನೆ ಒಡಂಬಡಿಕೆಯನ್ನು ಹೊಸದಾಗಿ ಮಾಡಿಸಿದ. ಮಾತುಗಳನ್ನು ಅವನು ರಿಚರ್ಡ್ ಆಲೀನ್ ಎಂಬ ಪ್ಯೂರಿಟನ್ ಬರಹಗಾರನ ಪುಸ್ತಕದಿಂದ ತೆಗೆದುಕೊಂಡಿದ್ದ. ಮುಂದೆ ಅದು ಹೊಸವರ್ಷದ ಮೊದಲ ಭಾನುವಾರದ ಆರಾಧನೆಯಾಯಿತು. 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗ ವೆಸ್ಲಿಯ ಪರಂಪರೆಯ ಮೆಥಡಿಸ್ಟರು ತಮ್ಮೊಡನೆ ತಂದದ್ದರಲ್ಲಿ ಇದೂ ಒಂದು. ಸಭೆಯ ಆರಾಧನಾ ಪುಸ್ತಕದಲ್ಲಿ ಅದಕ್ಕೆ ಜಾಗ ಸಿಕ್ಕಿದೆ.

ಆ ಪ್ರಾರ್ಥನೆಯ ಧಾಟಿಯೇ ಬೇರೆ. ಕಾರ್ಡಿನಲ್ಲಿ ದೇವರು ನನಗೆ ಏನು ಕೊಡುತ್ತಾನೆ ಎಂಬ ಲೆಕ್ಕ; ಇಲ್ಲಿ ನಾನು ಏನಾಗಲು ಸಿದ್ಧ ಎಂಬ ಲೆಕ್ಕ. ಕೆಲಸಕ್ಕೆ ಹಚ್ಚಿದರೂ ಸರಿ, ಮೂಲೆಗಿಟ್ಟರೂ ಸರಿ, ಏರಿಸಿದರೂ ಇಳಿಸಿದರೂ ನಿನ್ನವನೇ ಎಂಬ ಅರ್ಥದಲ್ಲಿ ಸಾಗುತ್ತದೆ. ಸಭೆಯೆಲ್ಲ ಒಟ್ಟಿಗೆ ಒಂದೇ ದನಿಯಲ್ಲಿ ಅದನ್ನು ಹೇಳಬೇಕು. ಅವಸರದಲ್ಲಿ ಹೇಳಲಾಗದ ಮಾತು ಅದು. ಅರ್ಧಕ್ಕೆ ಬಂದಾಗ ಗಂಟಲು ತಡೆಯುತ್ತದೆ. ಇದನ್ನು ನಾನು ನಿಜವಾಗಿ ಒಪ್ಪಿದ್ದೇನೆಯೇ ಎಂಬ ಅಳುಕು ಬರುತ್ತದೆ. ಪ್ರತಿವರ್ಷ ಅದನ್ನೇ ಮತ್ತೆ ಹೇಳಬೇಕೆಂಬ ಏರ್ಪಾಡಿನಲ್ಲಿ ದೊಡ್ಡ ವಿವೇಕವಿದೆ: ಮನುಷ್ಯ ಒಮ್ಮೆ ತಿರುಗಿದರೆ ಸಾಲದು, ಹಳೆಯ ದಾರಿಗೆ ಜಾರುತ್ತಲೇ ಇರುತ್ತಾನೆ, ಆದ್ದರಿಂದ ಬಾಗಿಲು ಪ್ರತಿ ಜನವರಿಯೂ ತೆರೆದಿರಬೇಕು. ಹೊಸ ಆರಂಭದ ಬಗ್ಗೆ ಕ್ರೈಸ್ತ ಆರಾಧನೆಗಳಲ್ಲಿ ನಾನು ಕಂಡ ಅತ್ಯಂತ ಪ್ರಾಮಾಣಿಕ ಬರವಣಿಗೆ ಇದೇ.

ಅದಕ್ಕೂ ಒಂದು ಅಪಾಯವಿದೆ, ಹೇಳದೆ ಬಿಡಲಾರೆ. ಪಿಂಚಣಿ ಬರುವ ಅಧಿಕಾರಿ ಎದ್ದು ನಿಂತು, ನನ್ನನ್ನು ಮೂಲೆಗಿಟ್ಟರೂ ಸರಿ ಎನ್ನುವುದು ಒಂದು. ಬೆಳಿಗ್ಗೆ ನಾಲ್ಕು ಮನೆಯ ಪಾತ್ರೆ ತೊಳೆದು ಬಂದ ಹೆಂಗಸು ಅದನ್ನೇ ಹೇಳುವುದು ಇನ್ನೊಂದು. ಆಕೆಯನ್ನು ಮನೆ, ಜಾತಿ, ಕೆಲಸ ಎಲ್ಲವೂ ಮೂಲೆಗಿಟ್ಟೇ ಇವೆ. ದೇವರಿಗೆ ಒಪ್ಪಿಸಿಕೊಳ್ಳುವುದನ್ನು ಗಂಡನಿಗೆ, ಸಭಾಪಾಲಕರಿಗೆ, ಒಡೆಯನಿಗೆ ಒಪ್ಪಿಸಿಕೊಳ್ಳುವುದೆಂದು ತಿದ್ದಿ ಓದಿಸುವುದು ಬಹಳ ಸುಲಭ.

ಇದಕ್ಕೆ ನನಗೆ ಸಿಕ್ಕಿರುವ ಅತ್ಯುತ್ತಮ ಉತ್ತರ ಪಂಡಿತಾ ರಮಾಬಾಯಿಯ ಬದುಕು. 1858ರಲ್ಲಿ ನಮ್ಮ ಘಟ್ಟದ ಕಾಡಿನಲ್ಲಿ ಹುಟ್ಟಿದವಳು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ತನ್ನವರ ವಿರೋಧ ಕಟ್ಟಿಕೊಂಡವರು. ತಾಯಿ ಅದನ್ನು ಮಗಳಿಗೆ ಕಲಿಸಿದಳು. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಹೋದರು. ಆಮೇಲೆ ಅಣ್ಣ, ಮದುವೆಯಾಗಿ ಎರಡೂ ವರ್ಷ ತುಂಬುವ ಮೊದಲೇ ಗಂಡ. ಪುಟ್ಟ ಮಗಳೊಡನೆ ಇಂಗ್ಲೆಂಡಿಗೆ ಹೋಗಿ 1883ರಲ್ಲಿ ವಾಂಟೇಜಿನಲ್ಲಿ ದೀಕ್ಷಾಸ್ನಾನ ಪಡೆದಳು. ಅಲ್ಲಿಗೇ ಕಥೆ ಮುಗಿದಿದ್ದರೆ ನಮ್ಮ ಸಾಕ್ಷಿಕೂಟಗಳಲ್ಲಿ ಹೇಳಲು ಹೇಳಿಮಾಡಿಸಿದಂತಿರುತ್ತಿತ್ತು. ಆದರೆ ಆಕೆಯನ್ನು ಸಾಕಿ ಸಲಹಿದ ಸನ್ಯಾಸಿನಿಯರು ಸಭೆಯ ಅಧಿಕಾರಕ್ಕೆ ತಲೆಬಾಗು ಎಂದಾಗ ಆಕೆ ಒಪ್ಪಲಿಲ್ಲ. ಒಂದು ಪೌರೋಹಿತ್ಯದ ನೊಗ ಕಳಚಿಬಂದ ತಾನು ಇನ್ನೊಂದಕ್ಕೆ ಕೊರಳೊಡ್ಡಲಾರೆ ಎಂಬುದು ಆಕೆಯ ಪತ್ರಗಳ ಉದ್ದಕ್ಕೂ ಕಾಣುವ ನಿಲುವು. ಕ್ರಿಸ್ತನಿಗೆ ಪೂರ್ತಿ ಒಪ್ಪಿಸಿಕೊಂಡವಳು ಸಭೆಯ ಯಜಮಾನಿಕೆಗೆ ಒಪ್ಪಿಸಿಕೊಳ್ಳಲಿಲ್ಲ.

1907ರಲ್ಲಿ ಆಕೆ ತನ್ನ ಸಾಕ್ಷಿಯನ್ನು ಬರೆದಳು. ಕ್ರೈಸ್ತ ಧರ್ಮ ತನಗೆ ಮೊದಲೇ ಸಿಕ್ಕಿತ್ತು, ಆದರೆ ಕ್ರಿಸ್ತ ಸಿಕ್ಕಿದ್ದು ದೀಕ್ಷಾಸ್ನಾನವಾಗಿ ಸುಮಾರು ಎಂಟು ವರ್ಷ ಕಳೆದ ಮೇಲೆ ಎಂದು ಅದರಲ್ಲಿ ಒಪ್ಪಿಕೊಳ್ಳುತ್ತಾಳೆ. ನಾವು ಕೇಳುವ ಸಾಕ್ಷಿಗಳಲ್ಲಿ ಹೀಗಿರುವುದಿಲ್ಲ. ಇಂಥ ದಿನ ಕತ್ತಲೆ, ಇಂಥ ರಾತ್ರಿ ಪ್ರಾರ್ಥನೆ, ಬೆಳಗಾದರೆ ಬೆಳಕು. ನಡುವಿನ ಎಂಟು ವರ್ಷದ ಮಸುಕನ್ನು ಹೇಳಲು ಯಾರಿಗೂ ವೇದಿಕೆಯಿಲ್ಲ. ಹಾಗಾಗಿ ಆ ಮಸುಕಿನಲ್ಲಿ ನಡೆಯುತ್ತಿರುವವರು ತಾವೊಬ್ಬರೇ ಎಂದುಕೊಳ್ಳುತ್ತಾರೆ. ರಮಾಬಾಯಿ ಆ ವರ್ಷಗಳಲ್ಲಿ ಸುಮ್ಮನೆ ಕೂರಲೂ ಇಲ್ಲ. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದಿದ್ದಳು. 1896-97ರ ಬರದಲ್ಲಿ ಮಧ್ಯಪ್ರಾಂತ್ಯದಿಂದ ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದಾಗ ಪುಣೆ ಬಳಿಯ ಕೇಡಗಾಂವಿನಲ್ಲಿ ಮುಕ್ತಿ ಎಂಬ ಆಕೆಯ ಆಶ್ರಯಧಾಮ ಬೆಳೆಯಿತು. ತಾನು ಹಸಿವಿನಲ್ಲಿ ತಂದೆತಾಯಿಯನ್ನು ಕಳೆದುಕೊಂಡವಳು ಹಸಿವಿನ ಊರುಗಳಿಗೇ ಹೋದಳು. ಅಲ್ಲಿ ಅವರಿಗೆ ಓದು, ನೇಯ್ಗೆ, ಹೈನು, ಗಾಣ, ಅಚ್ಚಿನ ಮನೆ. ಮೊಳೆ ಜೋಡಿಸಲು ಕಲಿತ ವಿಧವೆಗೆ ಹೊಸ ಬದುಕಿನ ಬಗ್ಗೆ ಪ್ರಸಂಗ ಬೇಕಿರಲಿಲ್ಲ.

ಮಂಗಳೂರಿನ ಬಾಸೆಲ್ ಮಿಷನ್ನಿಗೂ ಇದು ತಿಳಿದಿತ್ತು. ನಂಬಿಕೆ ಬದಲಿಸಿದವರು ಜಾತಿಯ ಜತೆಗೇ ಅನ್ನವನ್ನೂ ಕಳೆದುಕೊಂಡಾಗ ಮಗ್ಗ ಹಾಕಿಸಿದರು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಸಂಬಳ ಕೊಡುವವರೂ ಪ್ರಸಂಗ ಮಾಡುವವರೂ ಒಬ್ಬರೇ ಆದದ್ದರಿಂದ ಹುಟ್ಟಿದ ಹಂಗು ಆ ವ್ಯವಸ್ಥೆಯ ದೊಡ್ಡ ದೋಷ. ಆದರೂ ಬರಿಯ ಮಾತಿನಿಂದ ಹೊಸ ಬದುಕು ನಿಲ್ಲದೆಂಬ ಅರಿವು ಅದರಲ್ಲಿತ್ತು. ಇಂದಿನ ಘೋಷಣೆಯ ಪ್ರಸಂಗಗಳಲ್ಲಿ ಅದೂ ಇಲ್ಲ.

ಕಾರ್ಡನ್ನು ನಿಲ್ಲಿಸಿ ಎಂದು ನಾನು ಕೇಳುವುದಿಲ್ಲ. ನಮ್ಮ ಸಭೆಗಳ ಸಮಿತಿಗಳು ಮುಂದಿನ ಡಿಸೆಂಬರಿಗೆ ಅಚ್ಚಿಗೆ ಕೊಡುವಾಗ ಯೆರೆಮೀಯನ ಹನ್ನೊಂದನೆಯ ವಚನದ ಜತೆ ಐದರಿಂದ ಹತ್ತರವರೆಗಿನದನ್ನೂ ಹಾಕಲಿ. ಕಾಗದ ಸ್ವಲ್ಪ ದೊಡ್ಡದಾದೀತು, ಖರ್ಚು ಹೆಚ್ಚೇನೂ ಆಗದು. ಸೂರ್ಯೋದಯದ ಚಿತ್ರ ಬೇಕಿಲ್ಲ. ಮೊದಲ ಭಾನುವಾರ ಒಡಂಬಡಿಕೆಯ ಆರಾಧನೆಯನ್ನು ಪೂರ್ತಿಯಾಗಿ ನಡೆಸಲಿ, ಸಮಯವಿಲ್ಲವೆಂದು ಅರ್ಧಕ್ಕೆ ಮೊಟಕು ಮಾಡುವುದು ಬೇಡ. ಸಾಕ್ಷಿ ಹೇಳಲು ಗೆದ್ದವರನ್ನಷ್ಟೇ ಕರೆಯದೆ, ಇನ್ನೂ ಎಂಟು ವರ್ಷದ ನಡುವಿನಲ್ಲಿರುವವರಿಗೂ ಮೈಕು ಕೊಡಲಿ. ಆ ರಾತ್ರಿ ಬರಲಾಗದವರು ದಟ್ಟಗಳ್ಳಿಯಲ್ಲಿ ಎಷ್ಟೋ ಮಂದಿ ಇದ್ದಾರೆ: ಡಯಾಲಿಸಿಸ್‌ಗೆ ಹೋಗಿಬಂದು ಮಲಗಿದವರು, ರಾತ್ರಿಪಾಳಿಯ ಕಾವಲುಗಾರರು, ಸಭೆಯಲ್ಲಿ ಯಾರೊಂದಿಗೋ ಮುನಿದು ದೂರ ಉಳಿದವರು. ಅವರ ಕಾರ್ಡನ್ನು ವಾಟ್ಸಾಪಿನಲ್ಲಿ ಕಳಿಸದೆ, ಸಭೆಯ ಇಬ್ಬರು ಮನೆಗೆ ಒಯ್ದು ಕೊಟ್ಟು, ಅರ್ಧ ಗಂಟೆ ಕೂತು, ಮನೆಯಲ್ಲಿ ಏನು ಬೇಕಿದೆ ಎಂದು ಕೇಳಿ ಬರಲಿ.