ಖಾಲಿ ರೈಡಿನ ಲೆಕ್ಕ

ಎಡ ಕಾರ್ನರ್‌ನಲ್ಲಿ ನಿಂತವನ ಆ್ಯಂಕಲ್ ಹೋಲ್ಡ್ ಬಗ್ಗೆ ಈ ವಾರ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಟಿಪ್ಪಣಿ ತಯಾರಿತ್ತು, ಮೊದಲ ಪ್ಯಾರಾ ಕೂಡ ಆಗಿತ್ತು. ಸೋಮವಾರ ಬ್ಯಾಡಗಿಗೆ ಹೋಗಿ ಬಂದವನು ಅದನ್ನು ಪಕ್ಕಕ್ಕಿಟ್ಟೆ. ಓದುಗರು ಒಂದು ವಾರ ಕಾಯಬೇಕು.

ಸೋಮವಾರ ಮತ್ತು ಗುರುವಾರ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಪೇಟೆ. ಟೆಂಡರ್ ಹಾಕಿ ಮುಗಿದು ದರ ಗೊತ್ತಾಗುವವರೆಗೆ ನಡುವೆ ಒಂದಿಷ್ಟು ಹೊತ್ತು ಯಾರಿಗೂ ಕೆಲಸ ಇರುವುದಿಲ್ಲ. ಯಾರ್ಡಿನ ಹೊರಗಿನ ಚಹಾದಂಗಡಿ ಆಗ ತುಂಬುತ್ತದೆ. ಅವತ್ತು ಅಲ್ಲಿ ದಲಾಲಿ ಅಂಗಡಿಯ ಗುಮಾಸ್ತರೊಬ್ಬರು, ಚೀಲ ಹೊತ್ತು ಸಂಜೆ ಕಬಡ್ಡಿ ಆಡುವ ಇಬ್ಬರು ಹುಡುಗರು, ರಾಣೆಬೆನ್ನೂರು ಕಡೆಯ ಸೀಡ್ಸ್ ಪ್ಲಾಟಿನ ರೈತರೊಬ್ಬರು ಮತ್ತು ಹಾವೇರಿಯಿಂದ ಹೋದ ನಾನು ಇದ್ದೆವು. ಘಾಟಿಗೆ ಮೂಗಿನ ಮೇಲೆ ವಸ್ತ್ರ ಹಿಡಿದುಕೊಂಡೇ ವಾದ ಶುರುವಾಯಿತು. ಪ್ರೊ ಕಬಡ್ಡಿಯ ಬೆಂಗಳೂರು ಬುಲ್ಸ್‌ಗೆ ನಮ್ಮ ಬಿ.ಸಿ. ರಮೇಶ್ ಕೋಚ್ ಆಗಿ ಬಂದು ಒಂದು ಸೀಸನ್ ಮುಗಿಯಿತಲ್ಲ, ಹೊಸ ಹುಡುಗರಿಗೆ ಅವಕಾಶ ಕೊಟ್ಟರೋ ಇಲ್ಲವೋ?

‘ಕೊಟ್ಟಾರಲ್ರೀ, ಪಟ್ಟಿ ತಗದು ನೋಡ್ರಿ. ಎಷ್ಟ್ ಮ್ಯಾಚಿನ್ಯಾಗ ಹೊಸಾ ಹೆಸರು ಅದಾವು’ ಎಂದರು ಗುಮಾಸ್ತರು.

‘ಹೆಸರು ಇದ್ರ ಏನ್ ಬಂತು ಕಾಕಾ? ರೈಡೆಲ್ಲಾ ಅಲಿರೆಜಾಗ. ಹೊಸಬರ್ನ ಯಾವಾಗ ಕಳಸ್ತಾರ? ಮೂರನೇ ರೈಡಿಗೆ’ ಎಂದ ಹುಡುಗರಲ್ಲಿ ಚಿಕ್ಕವನು. ಆ ಸೀಸನ್‌ನಲ್ಲಿ ಅಲಿರೆಜಾ ಬುಲ್ಸ್‌ನ ಮುಖ್ಯ ರೈಡರ್.

ಈ ಅಂಕಣದಲ್ಲಿ ನಾನು ಬಹಳ ವರ್ಷದಿಂದ ಹೇಳಲು ತಡಕಾಡುತ್ತಿದ್ದದ್ದನ್ನು ಆ ಹುಡುಗ ಒಂದೇ ಮಾತಿನಲ್ಲಿ ಹೇಳಿದ. ಎಳೆಯ ಆಟಗಾರನಿಗೆ ಎಷ್ಟು ಪಂದ್ಯ ಸಿಕ್ಕಿತು ಎಂಬುದು ಸುಳ್ಳು ಲೆಕ್ಕ. ಎಷ್ಟು ಸಲ ಖಾಲಿ ಬರಲು ಬಿಟ್ಟರು ಎಂಬುದೇ ಲೆಕ್ಕ.

ನಲವತ್ತು ನಿಮಿಷದ ಆಟ, ಮೂವತ್ತು ಸೆಕೆಂಡಿನ ರೈಡ್. ಒಂದು ತಂಡಕ್ಕೆ ಹೆಚ್ಚೆಂದರೆ ನಲವತ್ತರ ಆಸುಪಾಸು ರೈಡ್ ಸಿಗುತ್ತವೆ. ಅರ್ಧ ಮುಖ್ಯ ರೈಡರ್‌ಗೆ ಹೋದವು, ಕಾಲು ಭಾಗ ಎರಡನೆಯವನಿಗೆ ಹೋದವು. ಉಳಿದದ್ದರಲ್ಲಿ ಎರಡು ಖಾಲಿ ರೈಡ್ ಆದ ಮೇಲೆ ಬರುವ ಮಾಡು ಇಲ್ಲವೇ ಮಡಿ ರೈಡಿಗೆ ಹುಡುಗನನ್ನು ದೂಡುತ್ತಾರೆ. ಮುಖ್ಯ ರೈಡರ್ ಔಟಾಗುವುದು ಬೇಡ, ಹೋದರೆ ಹುಡುಗ ಹೋಗಲಿ ಎಂಬ ಲೆಕ್ಕಾಚಾರ. ಎದುರಿನ ಏಳು ಮಂದಿಗೆ ಇವನು ಮುಟ್ಟಲೇಬೇಕೆಂದು ಗೊತ್ತು, ಸುಮ್ಮನೆ ಹಿಂದೆ ಸರಿದು ಕಾಯುತ್ತಾರೆ. ಹುಡುಗ ಒಳಗೆ ನುಗ್ಗುತ್ತಾನೆ, ಕವರ್‌ನವನು ಡ್ಯಾಶ್ ಕೊಡುತ್ತಾನೆ, ಕತೆ ಮುಗಿಯಿತು. ಮೇಲಾಗಿ ಔಟಾದವನನ್ನು ಬದಲಾಯಿಸುವಂತಿಲ್ಲ, ತನ್ನವರು ಅಂಕ ತಂದಾಗ ಸರದಿಯ ಪ್ರಕಾರವೇ ಅವನು ಒಳಗೆ ಬರಬೇಕು. ಆರು ನಿಮಿಷ ಹೊರಗೆ ಕೂತು, ಮತ್ತೆ ಒಳಗೆ ಬಂದು, ಇನ್ನೊಂದು ಮೂರನೇ ರೈಡಿಗೆ ಕಾಯುವುದು ಅವನ ಪಾಲಿಗೆ ಉಳಿಯುತ್ತದೆ. ಮರುದಿನ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಒಂದು ಪಂದ್ಯ ಸೇರುತ್ತದೆ. ಅವನು ಕಲಿತದ್ದೇನು?

ಫುಟ್‌ಬಾಲ್ ಪ್ರೀತಿಸುವ ಗೆಳೆಯರು ಇದೇ ಜಗಳವನ್ನು ಬೆಂಗಳೂರು ಎಫ್‌ಸಿ ವಿಷಯದಲ್ಲಿ ಆಡುತ್ತಾರೆ. ನಲವತ್ತು ದಾಟಿದ ಸುನಿಲ್ ಛೆಟ್ರಿಯನ್ನು ಎಷ್ಟು ಹೊತ್ತು ಆಡಿಸಬೇಕು, ಅಕಾಡೆಮಿಯ ಹುಡುಗರಿಗೆ ಎಷ್ಟು ಬಿಡಬೇಕು ಎಂದು. 2024ರ ಸೆಪ್ಟೆಂಬರ್‌ನಲ್ಲಿ ಕಂಠೀರವದಲ್ಲಿ ಈಸ್ಟ್ ಬೆಂಗಾಲ್ ಮೇಲೆ 19ರ ವಿನಿತ್ ವೆಂಕಟೇಶ್ ಆ ಪಂದ್ಯದ ಏಕೈಕ ಗೋಲು ಹೊಡೆದಾಗ ಅವರಿಗೆ ಹಬ್ಬ. ಅವರ ಸಂತೋಷ ನನ್ನದೂ ಹೌದು. ಆದರೆ ಫುಟ್‌ಬಾಲ್‌ನಲ್ಲಿ ಹುಡುಗ ಹತ್ತು ಸಲ ಚೆಂಡು ಕಳೆದುಕೊಂಡರೂ ಮೈದಾನದಲ್ಲೇ ಇರುತ್ತಾನೆ, ಹನ್ನೊಂದನೆಯ ಸಲ ಚೆಂಡು ಅವನ ಕಾಲಿಗೇ ಬರುತ್ತದೆ. ನಮ್ಮ ಆಟದಲ್ಲಿ ತಪ್ಪಿದವನನ್ನು ನಿಯಮವೇ ಹೊರಗೆ ಕೂರಿಸುತ್ತದೆ. ಆದ್ದರಿಂದ ಕಬಡ್ಡಿ ಕೋಚ್ ಇನ್ನಷ್ಟು ಉದಾರಿಯಾಗಿರಬೇಕು. ಮೊದಲನೇ ರೈಡಿಗೆ, ಒತ್ತಡ ಇಲ್ಲದಾಗ, ಬಾಕ್ ಲೈನ್ ದಾಟಿ ನೋಡಿಕೊಂಡು ಬಾ ಎಂದು ಕಳಿಸಬೇಕು.

ಬುಲ್ಸ್ ತಂಡದ ಚರಿತ್ರೆಯಲ್ಲೇ ಇದರ ಎರಡೂ ಮುಖ ಇವೆ. ಈ ಮಾತನ್ನು ಹಿಂದೆಯೂ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ. ಪ್ರದೀಪ್ ನರ್ವಾಲ್ ಪ್ರೊ ಕಬಡ್ಡಿಗೆ ಕಾಲಿಟ್ಟದ್ದು 2015ರಲ್ಲಿ, ಬುಲ್ಸ್ ಜೆರ್ಸಿ ತೊಟ್ಟು. ಮುಂದಿನ ಸೀಸನ್‌ಗೆ ಅವರು ಪಟ್ನಾ ಪೈರೇಟ್ಸ್ ಪಾಲಾದರು. ಪಟ್ನಾ ಸಾಲಾಗಿ ಮೂರು ಸಲ ಗೆದ್ದಿತು. 2017ರ ಒಂದೇ ಸೀಸನ್‌ನಲ್ಲಿ ಪ್ರದೀಪ್ ತಂದ ರೈಡ್ ಅಂಕ 369. ಹರಿಯಾಣದ ವಿರುದ್ಧ ಒಂದೇ ರೈಡಿನಲ್ಲಿ ಎಂಟು ಅಂಕ ತಂದದ್ದನ್ನು ನೋಡಿದವರು ಯಾರೂ ಮರೆತಿಲ್ಲ. ಕೊನೆಗೆ 2024ರ ಹರಾಜಿನಲ್ಲಿ ಬುಲ್ಸ್ ಅವರನ್ನು 70 ಲಕ್ಷ ರೂಪಾಯಿಗೆ ಮರಳಿ ತಂದಿತು. ಆ ಸೀಸನ್‌ನ 22 ಪಂದ್ಯಗಳಲ್ಲಿ ಗೆದ್ದದ್ದು ಎರಡು. ಹನ್ನೆರಡು ತಂಡಗಳಲ್ಲಿ ಕೊನೆಯ ಸ್ಥಾನ. ಪ್ರದೀಪ್ ಅವರನ್ನು ನಾನು ದೂರುವುದಿಲ್ಲ, ಅಂಥ ರೈಡರ್ ಮತ್ತೆ ಹುಟ್ಟುವುದು ಕಷ್ಟ. ದೂರು ಹಳೆಯ ಹೆಸರಿಗೆ ದುಡ್ಡು ಸುರಿದರೆ ಹಳೆಯ ಆಟವೂ ಜತೆಗೆ ಬರುತ್ತದೆಂದು ನಂಬಿದವರ ಮೇಲೆ. ಆ ಹರಾಜಿನ ದಿನ ಪಟಾಕಿ ಹೊಡೆಯೋಣ ಎಂದ ಗೆಳೆಯರೊಂದಿಗೆ ನಾನು ಜಗಳವಾಡಿದ್ದೆ. ಇವತ್ತಿಗೂ ನನ್ನ ಮಾತಿನಲ್ಲಿ ಬದಲಿಲ್ಲ.

ಇನ್ನೊಂದು ಮುಖ ಪವನ್ ಶೆರಾವತ್. ಅವರೂ ಮೊದಲು ಬುಲ್ಸ್ ಹುಡುಗ. 2017ರಲ್ಲಿ ಗುಜರಾತ್‌ಗೆ ಹೋಗಿ ಹೆಚ್ಚು ಹೊತ್ತು ಬೆಂಚಿನಲ್ಲೇ ಕಳೆದರು. ಮರುವರ್ಷ ಬುಲ್ಸ್ ಕೋಚ್ ರಣಧೀರ್ ಸಿಂಗ್ ಶೆರಾವತ್ ಪವನ್ ಅವರನ್ನು ಬೆಂಗಳೂರಿಗೆ ಮರಳಿ ಕರೆತಂದು ರೈಡಿನ ಮೇಲೆ ರೈಡ್ ಕೊಟ್ಟರು. ಆ ಸೀಸನ್‌ನಲ್ಲಿ ಪವನ್ ತಂದದ್ದು 271 ರೈಡ್ ಅಂಕ. 2019ರ ಜನವರಿ 5ರಂದು ಮುಂಬೈಯಲ್ಲಿ ಫೈನಲ್, ಎದುರಿಗೆ ಬೆಂಚಿನಲ್ಲಿ ಕೂರಿಸಿದ್ದ ಅದೇ ಗುಜರಾತ್. ವಿರಾಮದ ಹೊತ್ತಿಗೆ ಗುಜರಾತ್ ಮುಂದಿತ್ತು. ನಮ್ಮ ಓಣಿಯಲ್ಲಿ ಟಿವಿ ಮುಂದೆ ಕೂತಿದ್ದ ಅರ್ಧ ಜನ ಎದ್ದು ಊಟಕ್ಕೆ ಹೋಗಿದ್ದರು. ಎರಡನೇ ಅವಧಿಯಲ್ಲಿ ಪವನ್ ಪದೇಪದೇ ನಡುಗೆರೆ ದಾಟಿ ಹೋದರು. 38–33ರಿಂದ ಬುಲ್ಸ್ ಗೆದ್ದಾಗ ಅದರಲ್ಲಿ ಪವನ್ ಒಬ್ಬರದೇ 22 ಅಂಕ. ಒಬ್ಬ ಕೋಚ್‌ನ ಕಾಲದಲ್ಲೇ ಒಬ್ಬನನ್ನು ಬಿಟ್ಟುಕೊಟ್ಟದ್ದೂ ನಡೆಯಿತು, ಇನ್ನೊಬ್ಬನನ್ನು ನಂಬಿ ಕಪ್ ತಂದದ್ದೂ ನಡೆಯಿತು. ಆದ್ದರಿಂದ ಇಂಥ ಕೋಚ್ ಹುಡುಗರ ಪರ, ಇಂಥವರು ವಿರುದ್ಧ ಎಂದು ಹಣೆಪಟ್ಟಿ ಅಂಟಿಸುವುದು ನನಗೆ ಆಗಿಬರುವುದಿಲ್ಲ.

ರಮೇಶ್ ಅವರ ಕೆಲಸವನ್ನೂ ಒಂದು ಸೀಸನ್‌ನಿಂದ ಅಳೆಯಬಾರದು. 2019ರಲ್ಲಿ ಅವರು ಕೋಚ್ ಆಗಿದ್ದ ಬೆಂಗಾಲ್ ವಾರಿಯರ್ಸ್ ಕಪ್ ಗೆದ್ದಾಗ ಫೈನಲ್‌ಗೆ ನಾಯಕ ಮಣಿಂದರ್ ಸಿಂಗ್ ಇರಲಿಲ್ಲ, ಗಾಯ. ಇರಾನಿನ ನಬಿಬಕ್ಷ್ ಮತ್ತು ನಮ್ಮ ಕರಾವಳಿಯ ಸುಕೇಶ್ ಹೆಗ್ಡೆ ತಂಡವನ್ನು ಎಳೆದರು, ಡೆಲ್ಲಿಯನ್ನು 39–34ರಿಂದ ಸೋಲಿಸಿದರು. ಆದರೆ ನನಗೆ ಹೆಚ್ಚು ಬೇಕಾದದ್ದು ಪುಣೇರಿ ಪಲ್ಟನ್ ಕತೆ. 2022ರ ಡಿಸೆಂಬರ್ ಫೈನಲ್‌ಗೆ ಅಸ್ಲಂ ಇನಾಮದಾರ್, ಮೋಹಿತ್ ಗೋಯತ್ ಇಬ್ಬರೂ ಗಾಯಗೊಂಡು ಹೊರಗುಳಿದರು. ಉಳಿದ ಹುಡುಗರನ್ನೇ ಇಳಿಸಬೇಕಾಯಿತು. ಜೈಪುರದ ಎದುರು 29–33ರಿಂದ ಸೋತರು. ಮರುವರ್ಷ ಬಂಡಿಗಟ್ಟಲೆ ದುಡ್ಡು ಕೊಟ್ಟು ದೊಡ್ಡ ರೈಡರ್ ತರಬಹುದಿತ್ತು. ರಮೇಶ್ ಅದೇ ರೈಡರ್‌ಗಳನ್ನೇ ಇಟ್ಟುಕೊಂಡರು, ಅಸ್ಲಂ ಕೈಗೆ ನಾಯಕತ್ವ ಕೊಟ್ಟರು. 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಹರಿಯಾಣವನ್ನು 28–25ರಿಂದ ಸೋಲಿಸಿ ಕಪ್ ಎತ್ತಿದರು. ಅಂದು ಅಂಕ ತಂದು ಪಂದ್ಯ ತಿರುಗಿಸಿದ ಪಂಕಜ್ ಮೋಹಿತೆ ಸೋತ ಫೈನಲ್‌ನಲ್ಲೂ ರೈಡಿಗೆ ಹೋಗಿದ್ದವರು.

ಇಷ್ಟನ್ನೆಲ್ಲ ನಾನು ಚಹಾದಂಗಡಿಯಲ್ಲಿ ಹೇಳಿದೆ. ಗುಮಾಸ್ತರು ಒಪ್ಪಲಿಲ್ಲ. ಕಪ್ ಗೆದ್ದದ್ದಕ್ಕೆ ಹುಡುಗರು ಕಾಣುತ್ತಾರೆ, ಸೋತಿದ್ದರೆ ಯಾರು ಕೇಳುತ್ತಿದ್ದರು ಎಂಬುದು ಅವರ ಮಾತು. ಆಗ ಅಲ್ಲಿಯವರೆಗೆ ಸುಮ್ಮನಿದ್ದ ಸೀಡ್ಸ್ ಪ್ಲಾಟಿನವರು ಕಪ್ಪು ಕೆಳಗಿಟ್ಟರು.

‘ನಾವು ಟೊಮೆಟೊಕ್ಕ ಕ್ರಾಸಿಂಗ್ ಮಾಡ್ತೀವಲ್ರೀ, ಒಂದೊಂದು ಹೂವು ಕೈಲೇ ಬಿಡಿಸಿ, ಗಂಡು ಹೂವಿನ ಪುಡಿ ಮುಟ್ಟಿಸಿ. ಮುಟ್ಟಿಸಿದ ಹೂವೆಲ್ಲಾ ಕಾಯಿ ಕಟ್ಟಂಗಿಲ್ಲ. ಕಟ್ಟಲಿಲ್ಲಂತ ಗಿಡಾನ ಕೀಳ್ತೀವೇನು? ಮರುದಿನಾ ಮುಂಜಾನೆ ಮತ್ತ ಹೊಲಕ್ಕ ಹೋಗ್ತೀವಿ.’

ಗುಮಾಸ್ತರು ಏನೂ ಅನ್ನಲಿಲ್ಲ. ದರ ಬಂತೆಂದು ಯಾರೋ ಕೂಗಿದರು, ಎಲ್ಲರೂ ಎದ್ದರು.

ಬುಲ್ಸ್ ಹುಡುಗರ ಪೈಕಿ ನನ್ನ ಕಣ್ಣು ಗಣೇಶ ಹನಮಂತಗೋಳ ಮೇಲಿದೆ. ಅಡ್ಡಹೆಸರೇ ಉತ್ತರ ಕರ್ನಾಟಕದ್ದು, ಅಭಿಮಾನ ಬರುವುದು ಸಹಜ. ಆದರೆ ನಮ್ಮವನೆಂಬ ಕಾರಣಕ್ಕೆ ಆಡಿಸಿ ಎಂದು ನಾನು ಕೇಳುವುದಿಲ್ಲ. ಮೊದಲ ಹತ್ತು ನಿಮಿಷದಲ್ಲಿ ಅಂಥ ಹುಡುಗನ ಕೈಗೆ ನಾಲ್ಕು ರೈಡ್ ಕೊಡಿ, ನಾಲ್ಕೂ ಖಾಲಿ ಬಂದರೆ ಐದನೆಯದನ್ನೂ ಕೊಡಿ. ಕೇಳುವುದು ಇಷ್ಟೇ.

ಇದನ್ನು ಇಷ್ಟು ಹಟದಿಂದ ಬರೆಯುವುದಕ್ಕೆ ನನ್ನದೇ ಒಂದು ಕಾರಣ ಇದೆ. ಹದಿನೇಳರ ವಯಸ್ಸಿನಲ್ಲಿ ನಾನು ಆಡುತ್ತಿದ್ದ ತಂಡದಲ್ಲಿ ಎರಡು ವರ್ಷ ನನ್ನನ್ನು ಮೂರನೇ ರೈಡಿಗೆ ಮಾತ್ರ ಕಳಿಸಿದರು. ಬೋನಸ್ ಗೆರೆಯ ಹತ್ತಿರ ಹೇಗೆ ನಿಲ್ಲಬೇಕು, ಯಾವಾಗ ತಿರುಗಬೇಕು ಎಂಬುದು ನನಗೆ ಗೊತ್ತಾಗಲೇ ಇಲ್ಲ. ಗೊತ್ತುಮಾಡಿಕೊಳ್ಳುವಷ್ಟು ಹೊತ್ತು ಅಲ್ಲಿ ನಿಂತದ್ದೇ ಇಲ್ಲ. ಆಟ ಬಿಟ್ಟೆ.

ಹೋದ ತಿಂಗಳು ರಾಣೆಬೆನ್ನೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಜಾತ್ರೆಯ ಹೊನಲು ಬೆಳಕಿನ ಪಂದ್ಯಾವಳಿ, 55 ಕೆ.ಜಿ. ವಿಭಾಗ. ಕಾಳು ತೂಗುವ ಕಾಟಾದ ಮೇಲೆ ಹುಡುಗರನ್ನು ನಿಲ್ಲಿಸಿ ತೂಕ ನೋಡಿದರು. ಊರಿನ ತಂಡದಲ್ಲಿ ಎಲ್ಲರಿಗಿಂತ ಸಣ್ಣವನು, ಮೀಸೆ ಇನ್ನೂ ಮೂಡದವನು, ರೈಡಿಗೆ ಹೋದ. ಕಾಲು ಚುರುಕು. ಬೋನಸ್ ಗೆರೆಯ ಆಚೆ ಮುಂಗಾಲು ಇಟ್ಟ, ಆದರೆ ಹಿಂಗಾಲ ಹೆಬ್ಬೆರಳು ಮ್ಯಾಟ್ ಬಿಟ್ಟಿರಲಿಲ್ಲ. ಅಂಕ ಇಲ್ಲ. ಖಾಲಿ ಬಂದ. ಎರಡನೇ ಸಲವೂ ಹೆಬ್ಬೆರಳು ಎಳೆಯಿತು, ಖಾಲಿ. ಮೂರನೇ ಸಲ ಕಾರ್ನರ್‌ನವನು ಪಾದ ಹಿಡಿದ, ಔಟ್. ತಂಡ ಆಗಲೇ ಹಿಂದಿತ್ತು. ‘ದೊಡ್ಡವನ್ನ ಕಳಸ್ರೋ’ ಎಂದು ಸುತ್ತ ಕೂತವರು ಕೂಗಿದರು. ನಾಯಕ ಯಾರ ಮುಖವನ್ನೂ ನೋಡಲಿಲ್ಲ. ಹುಡುಗ ಮತ್ತೆ ಒಳಗೆ ಬಂದದ್ದೇ ತಡ, ಬೆನ್ನ ಮೇಲೆ ಕೈಯಿಟ್ಟು ಮತ್ತೆ ಕಳಿಸಿದ. ಐದನೇ ರೈಡಿಗೆ ಹಿಂಗಾಲು ನೆಲದಿಂದ ಒಂದು ಗೇಣು ಮೇಲಿತ್ತು. ಬೋನಸ್.

ನನ್ನ ನೋಟ್‌ಬುಕ್ಕಿನಲ್ಲಿ ಅವನ ಲೆಕ್ಕ ಹೀಗಿದೆ: ಹನ್ನೊಂದು ರೈಡ್, ಐದು ಖಾಲಿ, ಮೂರು ಔಟ್, ಮೂರು ಬೋನಸ್. ಊರಿನ ತಂಡ ನಾಲ್ಕು ಅಂಕದಿಂದ ಸೋತಿತು. ದೀಪ ಆರಿಸುತ್ತಿದ್ದರು. ಹುಡುಗ ತಲೆ ತಗ್ಗಿಸಿ ಮೊಣಕಾಲಿನ ಪಟ್ಟಿ ಬಿಚ್ಚುತ್ತಿದ್ದ. ನಾಯಕ ಅವನ ಮುಂದೆ ಬಂದು ನಿಂತು, ‘ನಾಳಿ ಸಂಜಿಕ ಲಗೂನ ಬಾ ತಮ್ಮಾ, ಆ ಕಾಲಿಂದು ಇನ್ನಷ್ಟು ನೋಡೂಣು’ ಎಂದ.